ಪ್ಲಾಸ್ಟಿಕ್, ಹೊಗೆ ಮತ್ತು ಶಾಖದ ಲೆಕ್ಕ



ಪ್ಲಾಸ್ಟಿಕ್ ತ್ಯಾಜ್ಯವನ್ನು ಕಾರ್ಬನ್ ಡೈಆಕ್ಸೈಡಿನ ಜೊತೆ ಕಾಯಿಸಿ ಉಪಯೋಗಕ್ಕೆ ಬರುವ ಅನಿಲವನ್ನಾಗಿ ಮಾಡುವ ವಿಧಾನದ ಬಗ್ಗೆ ಇವತ್ತು ಮಾತಾಡಲಿದ್ದೇನೆ. ವಿಷಯ ಕೇಳಿದ ಕೂಡಲೇ ಮನಸ್ಸು ಹಗುರಾಗುತ್ತದೆ. ಒಂದು ಕಡೆ ಚರಂಡಿಗೆ ಅಡ್ಡ ಕೂತ ಪ್ಲಾಸ್ಟಿಕ್ ಕವರು, ಇನ್ನೊಂದು ಕಡೆ ಶಕ್ತಿನಗರದ ವಿದ್ಯುತ್ ಕೇಂದ್ರದ ಚಿಮಣಿಯ ಹೊಗೆ. ಎರಡು ಪೀಡೆಗಳನ್ನು ಒಂದೇ ಕೊಳವೆಗೆ ಹಾಕಿದರೆ ಆ ತುದಿಯಲ್ಲಿ ಗ್ಯಾಸು ಬರುತ್ತದಂತೆ ಎಂದರೆ ಯಾರಿಗೆ ಬೇಡ? ರಸಾಯನಶಾಸ್ತ್ರದ ಮಟ್ಟಿಗೆ ಈ ಮಾತು ನಿಜ. ರಾಯಚೂರಿನ ಮಟ್ಟಿಗೆ ಎಷ್ಟು ನಿಜ ಎಂಬುದನ್ನು ಲೆಕ್ಕ ಹಾಕಿ ನೋಡಬೇಕು.

ಮೊದಲು ಕೊಳವೆಯೊಳಗೆ ನಡೆಯುವ ಕ್ರಿಯೆಯನ್ನು ವಿವರಿಸುತ್ತೇನೆ. ಆಮೇಲೆ ಅದಕ್ಕೆ ಬೇಕಾದ ಶಾಖ ಎಲ್ಲಿಂದ ಬರಬೇಕು ಎಂಬುದನ್ನು ನೋಡೋಣ. ಇವತ್ತಿನ ಮಾತಿನ ತಿರುಳು ಅಲ್ಲಿದೆ. ಮೂರನೆಯದಾಗಿ, ನಮ್ಮ ಊರಿನ ಪ್ಲಾಸ್ಟಿಕ್ ಎಂಥದು, ಅದರಲ್ಲಿ ಯಾವುದು ಈ ಕೆಲಸಕ್ಕೆ ಒದಗುತ್ತದೆ ಎಂಬುದು. ಕೊನೆಗೆ, ನಮ್ಮ ಜಿಲ್ಲೆಯ ದೇವದುರ್ಗ ಮತ್ತು ಮಾನ್ವಿಯ ಹೊಲಗದ್ದೆಗಳು ಈ ಕಥೆಯಲ್ಲಿ ಎಲ್ಲಿ ಬರುತ್ತವೆ ಎಂಬುದು. ಕಾರ್ಖಾನೆಯ ಖರ್ಚು ಎಷ್ಟು ಕೋಟಿ ಎಂಬ ಚರ್ಚೆಗೆ ಹೋಗುವುದಿಲ್ಲ.

ಮೊದಲನೆಯ ವಿಷಯ. ಅಂಗಡಿಯ ತೆಳು ಕವರು ಪಾಲಿಥೀನ್. ಅದರ ಅಣು ಉದ್ದನೆಯ ಸರಪಳಿ. ಆ ಸರಪಳಿಯ ಪ್ರತಿ ಕೊಂಡಿಯಲ್ಲಿ ಒಂದು ಕಾರ್ಬನ್, ಎರಡು ಹೈಡ್ರೋಜನ್. ಅಕ್ಕಿ ಚೀಲದ ಪಾಲಿಪ್ರೊಪಿಲೀನಿನಲ್ಲೂ ಕಾರ್ಬನ್, ಹೈಡ್ರೋಜನ್ ಇದೇ ಪ್ರಮಾಣದಲ್ಲಿವೆ. ಗಾಳಿ ತಾಗದಂತೆ ಇದನ್ನು ಸುಮಾರು 500 ಡಿಗ್ರಿಗೆ ಕಾಯಿಸಿದರೆ ಸರಪಳಿ ತುಂಡಾಗಿ ಆವಿಯಾಗುತ್ತದೆ. ಆ ಆವಿಯನ್ನು ಕಾರ್ಬನ್ ಡೈಆಕ್ಸೈಡಿನೊಂದಿಗೆ ಬೆರೆಸಿ, 800 ಡಿಗ್ರಿಗೂ ಮೀರಿದ ಶಾಖದಲ್ಲಿ ನಿಕ್ಕಲ್ ವೇಗವರ್ಧಕದ ಮೇಲೆ ಹಾಯಿಸಬೇಕು. ಆಗ ಕಾರ್ಬನ್ ಡೈಆಕ್ಸೈಡ್ ತನ್ನ ಒಂದು ಆಕ್ಸಿಜನ್ನನ್ನು ಪ್ಲಾಸ್ಟಿಕ್ಕಿನ ಕಾರ್ಬನ್ನಿಗೆ ಬಿಟ್ಟುಕೊಡುತ್ತದೆ. ಕೊನೆಗೆ ಉಳಿಯುವುದು ಎರಡು ಪಾಲು ಕಾರ್ಬನ್ ಮಾನಾಕ್ಸೈಡ್, ಒಂದು ಪಾಲು ಹೈಡ್ರೋಜನ್. ಈ ಮಿಶ್ರಣಕ್ಕೆ ಸಂಶ್ಲೇಷಣಾ ಅನಿಲ ಎಂದು ಹೆಸರು. ಸಿನ್‌ಗ್ಯಾಸ್ ಎನ್ನುವುದು ಬಳಕೆಯ ಮಾತು.

ಇದರ ಮೂಲ ಹಳೆಯದು. ಕೆಂಪಗೆ ಕಾದ ಇದ್ದಿಲಿನ ಮೇಲೆ ಕಾರ್ಬನ್ ಡೈಆಕ್ಸೈಡ್ ಹಾಯಿಸಿದರೆ ಕಾರ್ಬನ್ ಮಾನಾಕ್ಸೈಡ್ ಆಗುವ ಕ್ರಿಯೆಗೆ ಫ್ರೆಂಚ್ ರಸಾಯನಶಾಸ್ತ್ರಜ್ಞ ಬುಡುವಾರ್ ಅವರ ಹೆಸರಿದೆ. ಮೀಥೇನಿನ ಮೇಲೆ ಇದೇ ಪ್ರಯೋಗವನ್ನು ಜರ್ಮನಿಯ ಫಿಷರ್ ಮತ್ತು ಟ್ರಾಪ್ಶ್ 1928ರಲ್ಲೇ ಮಾಡಿದ್ದರು. ಪ್ಲಾಸ್ಟಿಕ್ಕಿನ ಆವಿಯನ್ನು ಹೀಗೆ ಮಾರ್ಪಡಿಸುವ ಎರಡು ಹಂತದ ವಿಧಾನವನ್ನು ಇಂಗ್ಲೆಂಡಿನ ಲೀಡ್ಸ್ ವಿಶ್ವವಿದ್ಯಾಲಯದ ಪಾಲ್ ವಿಲಿಯಮ್ಸ್ ಮತ್ತವರ ಸಹೋದ್ಯೋಗಿಗಳು ವಿಸ್ತಾರವಾಗಿ ಅಭ್ಯಾಸ ಮಾಡಿದ್ದಾರೆ. ನಮ್ಮವರಿಗೂ ಅನಿಲೀಕರಣ ಹೊಸದಲ್ಲ. ಎರಡನೇ ಮಹಾಯುದ್ಧದ ಕಾಲದಲ್ಲಿ ಪೆಟ್ರೋಲು ಸಿಗದೆ ಇದ್ದಿಲಿನ ಗ್ಯಾಸಿನಿಂದ ಬಸ್ಸು ಓಡಿಸಿದ ದೇಶ ನಮ್ಮದು. ಭಾರತೀಯ ವಿಜ್ಞಾನ ಸಂಸ್ಥೆಯವರು ತುಮಕೂರು ಜಿಲ್ಲೆಯ ಹೊಸಹಳ್ಳಿಯಲ್ಲಿ 1988ರಲ್ಲಿ ಕಟ್ಟಿಗೆಯ ಗ್ಯಾಸಿನಿಂದ ಎಂಜಿನ್ ನಡೆಸಿ, ಅಲ್ಲಿಯವರೆಗೆ ವಿದ್ಯುತ್ತೇ ಇಲ್ಲದ ಊರಿಗೆ ದೀಪ ಕೊಟ್ಟರು.

ಈಗ ಎರಡನೆಯ ವಿಷಯಕ್ಕೆ ಬರುತ್ತೇನೆ. ವಿದ್ಯಾರ್ಥಿಗಳು ಬೇಕಾದರೆ ಕಾಗದ ತೆಗೆದುಕೊಳ್ಳಲಿ.

ಪಾಲಿಥೀನಿನ ಒಂದು ಕೊಂಡಿಯ ತೂಕ 14. ಕಾರ್ಬನ್ ಡೈಆಕ್ಸೈಡಿನ ಅಣುವಿನ ತೂಕ 44. ಅಂದರೆ ಒಂದು ಕಿಲೋ ಪಾಲಿಥೀನ್ ಪೂರ್ತಿ ಗ್ಯಾಸಾಗಲು ಮೂರು ಕಿಲೋಗಿಂತ ತುಸು ಹೆಚ್ಚು ಕಾರ್ಬನ್ ಡೈಆಕ್ಸೈಡ್ ಬೇಕು. ಕಿಲೋ ಕಸ ಮೂರು ಕಿಲೋ ಹೊಗೆಯನ್ನು ನುಂಗುತ್ತದೆ ಎಂದು ಜಾಹೀರಾತಿನಲ್ಲಿ ಬರೆಯುವುದು ಈ ಅಂಕಿಯನ್ನೇ ಹಿಡಿದು. ಆದರೆ ಆ ಗ್ಯಾಸನ್ನು ಮುಂದೆ ಒಲೆಯಲ್ಲೋ ಎಂಜಿನ್ನಿನಲ್ಲೋ ಉರಿಸಿದರೆ ನುಂಗಿದ ಮೂರು ಕಿಲೋ ಹೊರಗೆ ಬರುತ್ತದೆ, ಜೊತೆಗೆ ಪ್ಲಾಸ್ಟಿಕ್ಕಿನೊಳಗಿದ್ದ ಕಾರ್ಬನ್ನಿನಿಂದ ಇನ್ನೂ ಮೂರು ಕಿಲೋ ಹೊರಡುತ್ತದೆ. ಸಾಲ ತಂದ ದುಡ್ಡನ್ನು ವರಮಾನ ಎಂದು ಬರೆದುಕೊಂಡ ಹಾಗೆ. ಪ್ಲಾಸ್ಟಿಕ್ಕನ್ನು ನೇರವಾಗಿ ಉರಿಸಿದ್ದರೂ ವಾತಾವರಣಕ್ಕೆ ಹೊಸದಾಗಿ ಸೇರುತ್ತಿದ್ದದ್ದು ಅದೇ ಮೂರು ಕಿಲೋ.

ಇನ್ನು ಶಾಖ. ಕಾರ್ಬನ್ ಡೈಆಕ್ಸೈಡ್ ಬಹಳ ಗಟ್ಟಿ ಅಣು. ಉರಿದು ಮುಗಿದ ಮೇಲೆ ಉಳಿದದ್ದು ಅದು. ಮತ್ತೆ ಕ್ರಿಯೆಗೆ ಇಳಿಸಬೇಕಾದರೆ ಹೊರಗಿನಿಂದ ಶಕ್ತಿ ಕೊಡಲೇಬೇಕು. ಕಿಲೋ ಪಾಲಿಥೀನಿಗೆ ಸುಮಾರು 14 ಮೆಗಾಜೌಲ್, ಅಂದರೆ ನಮ್ಮ ಮೀಟರಿನ ಭಾಷೆಯಲ್ಲಿ ನಾಲ್ಕು ಯೂನಿಟ್. ಕುಲುಮೆಯ ಗೋಡೆಯಿಂದ ಸೋರುವ ಶಾಖವನ್ನು ಇದಕ್ಕೆ ಸೇರಿಸಿಲ್ಲ. ಈ ನಾಲ್ಕು ಯೂನಿಟ್ಟನ್ನು ಕಲ್ಲಿದ್ದಲಿನ ವಿದ್ಯುತ್ತಿನಿಂದ ಪಡೆದರೆ ಏನಾಗುತ್ತದೆ? ಒಂದು ಯೂನಿಟ್ಟಿಗೆ ಚಿಮಣಿಯಿಂದ ಸುಮಾರು ಒಂದು ಕಿಲೋ ಕಾರ್ಬನ್ ಡೈಆಕ್ಸೈಡ್ ಹೊರಡುತ್ತದೆ. ಮೂರು ಕಿಲೋ ನುಂಗಿಸುವುದಕ್ಕೆ ನಾಲ್ಕು ಕಿಲೋ ಉಗುಳಿದಂತಾಯಿತು.

ಇದನ್ನು ಕೇಳಿ ವಿಧಾನವೇ ವ್ಯರ್ಥ ಎಂದುಕೊಳ್ಳಬೇಡಿ. ಕೊಟ್ಟ ಶಾಖ ಕಳೆದುಹೋಗುವುದಿಲ್ಲ, ಗ್ಯಾಸಿನೊಳಗೆ ಕೂತಿರುತ್ತದೆ. ಕಿಲೋ ಪಾಲಿಥೀನಿನಲ್ಲಿ ಸುಮಾರು 43 ಮೆಗಾಜೌಲ್ ಶಾಖವಿದ್ದರೆ ಅದರಿಂದ ಬಂದ ಗ್ಯಾಸಿನಲ್ಲಿ ಹೆಚ್ಚುಕಡಿಮೆ 57 ಇರುತ್ತದೆ. ಹಾಗಾಗಿ ಆ ಹೆಚ್ಚಿನ ಭಾಗ ಬಿಸಿಲಿನಿಂದಲೋ ಹೊಲದ ಉಳಿಕೆಯಿಂದಲೋ ಬಂದಿದ್ದರೆ, ಬಿಸಿಲನ್ನು, ಬೆಳೆಯನ್ನು ಗ್ಯಾಸಾಗಿ ತುಂಬಿಟ್ಟಂತೆ ಆಗುತ್ತದೆ. ಕಲ್ಲಿದ್ದಲಿನಿಂದ ಬಂದಿದ್ದರೆ ಕಲ್ಲಿದ್ದಲೇ ಸುತ್ತು ಹಾಕಿಕೊಂಡು ಬಂದಂತೆ. ಈ ಬಗೆಯ ಯಾವ ಯೋಜನೆ ಕಣ್ಣಮುಂದೆ ಬಂದರೂ ನಾನು ಮೊದಲು ಕೇಳುವ ಪ್ರಶ್ನೆ ಇದೇ: 800 ಡಿಗ್ರಿ ಯಾರು ಕೊಡುತ್ತಾರೆ? ವರದಿಯಲ್ಲಿ ಅದಕ್ಕೆ ಉತ್ತರವಿಲ್ಲದಿದ್ದರೆ ಉಳಿದ ಪುಟಗಳನ್ನು ಓದುವ ಅಗತ್ಯ ಬೀಳುವುದಿಲ್ಲ.

ಗ್ಯಾಸನ್ನು ಉರಿಸದೆ ವಸ್ತುವಾಗಿ ಮಾಡಿದರೆ ಲೆಕ್ಕ ಇನ್ನೂ ಸುಧಾರಿಸುತ್ತದೆ. ಸಿನ್‌ಗ್ಯಾಸಿನಿಂದ ಮೆಥನಾಲ್ ಮಾಡಬಹುದು. ಅಲ್ಲೊಂದು ತೊಡಕಿದೆ. ಮೆಥನಾಲಿಗೆ ಒಂದು ಪಾಲು ಕಾರ್ಬನ್ ಮಾನಾಕ್ಸೈಡಿಗೆ ಎರಡು ಪಾಲು ಹೈಡ್ರೋಜನ್ ಬೇಕು. ನಮಗೆ ಸಿಕ್ಕಿರುವುದು ಇದಕ್ಕೆ ತಿರುಗುಮುರುಗು. ಕಾರ್ಬನ್ ಡೈಆಕ್ಸೈಡಿನ ಬದಲು ನೀರಾವಿ ಹಾಯಿಸಿದರೆ ಪಾಲಿಥೀನಿನಿಂದ ಸರಿಯಾಗಿ ಮೆಥನಾಲಿಗೆ ಬೇಕಾದ ಪ್ರಮಾಣವೇ ಬರುತ್ತದೆ, ಶಾಖವೂ ಕಡಿಮೆ ಸಾಕು. ಕಾರ್ಬನ್ ಡೈಆಕ್ಸೈಡನ್ನು ಕೊಂಡಾಡುವ ಲೇಖನಗಳಲ್ಲಿ ಈ ಮಾತು ಕಣ್ಣಿಗೆ ಬೀಳುವುದು ಅಪರೂಪ. ಎರಡನ್ನೂ ಹದವಾಗಿ ಬೆರೆಸಿ ಬೇಕಾದ ಪ್ರಮಾಣಕ್ಕೆ ತರುವುದು ಜಾಣತನ.

ಹಾಗಾದರೆ ನಮ್ಮ ಆರ್‌ಟಿಪಿಎಸ್‌ನ, ಅಂದರೆ ರಾಯಚೂರು ಶಾಖೋತ್ಪನ್ನ ವಿದ್ಯುತ್ ಕೇಂದ್ರದ ಹೊಗೆ? ಕೃಷ್ಣೆಯ ದಡದ ಶಕ್ತಿನಗರದಲ್ಲಿ 1985ರಿಂದ ವಿದ್ಯುತ್ ತಯಾರಾಗುತ್ತಿದೆ. ಎಂಟು ಘಟಕಗಳು, ಒಟ್ಟು 1,720 ಮೆಗಾವಾಟ್. ಯರಮರಸ್‌ನಲ್ಲಿ 800 ಮೆಗಾವಾಟಿನ ಇನ್ನೆರಡು. 210 ಮೆಗಾವಾಟಿನ ಒಂದೇ ಒಂದು ಹಳೆಯ ಘಟಕ ದಿನವಿಡೀ ಪೂರ್ಣ ಸಾಮರ್ಥ್ಯದಲ್ಲಿ ಓಡಿದರೆ ಸುಮಾರು 50 ಲಕ್ಷ ಯೂನಿಟ್. ಅದಕ್ಕೆ ಐದು ಸಾವಿರ ಟನ್ನಿನಷ್ಟು ಕಾರ್ಬನ್ ಡೈಆಕ್ಸೈಡ್. ಈ ಕಡೆ ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ ಅಂಕಿಯಂತೆ 2020-21ರಲ್ಲಿ ದೇಶದ ಪ್ಲಾಸ್ಟಿಕ್ ತ್ಯಾಜ್ಯ ಸುಮಾರು 41 ಲಕ್ಷ ಟನ್, ತಲೆಗೆ ವರ್ಷಕ್ಕೆ ಮೂರು ಕಿಲೋ. ರಾಯಚೂರು ನಗರದ ಜನಸಂಖ್ಯೆ 2011ರ ಜನಗಣತಿಯಲ್ಲಿ 2.3 ಲಕ್ಷವನ್ನು ದಾಟಿತ್ತು. ಗುಣಿಸಿದರೆ ದಿನಕ್ಕೆ ಎರಡು ಟನ್ ಪ್ಲಾಸ್ಟಿಕ್. ಅದರಲ್ಲಿ ಒಂದು ಚೂರನ್ನೂ ಬಿಡದೆ ಗ್ಯಾಸು ಮಾಡಿದರೆ ಆರು ಟನ್ ಕಾರ್ಬನ್ ಡೈಆಕ್ಸೈಡ್ ಬೇಕು. ಆ ಒಂದು ಘಟಕ ಆರು ಟನ್ ಬಿಡುವುದು ಎರಡು ನಿಮಿಷದೊಳಗೆ.

ಇದು ಸ್ಥೂಲ ಲೆಕ್ಕ; ಇವತ್ತಿನ ಜನಸಂಖ್ಯೆ ಹಾಕಿದರೆ ಎರಡು ನಿಮಿಷ ಮೂರಾದೀತು. ಈ ವಿಧಾನ ವಿದ್ಯುತ್ ಕೇಂದ್ರದ ಹೊಗೆಗೆ ಪರಿಹಾರ ಅಲ್ಲ ಎಂಬುದಂತೂ ಬದಲಾಗುವುದಿಲ್ಲ. ಇದನ್ನು ಪ್ಲಾಸ್ಟಿಕ್ಕಿನ ಪರಿಹಾರ ಎಂದು ಮಾತ್ರ ತೂಗಿ ನೋಡಬೇಕು. ಚಿಮಣಿಯ ಹೊಗೆಯಲ್ಲಿ ಕಾರ್ಬನ್ ಡೈಆಕ್ಸೈಡ್ ಇರುವುದು ನೂರಕ್ಕೆ 12ರಿಂದ 14. ಮಿಕ್ಕಿದ್ದರಲ್ಲಿ ಹೆಚ್ಚಿನ ಪಾಲು ಸಾರಜನಕ. ಕಾರ್ಬನ್ ಡೈಆಕ್ಸೈಡನ್ನು ಬೇರ್ಪಡಿಸುವುದಕ್ಕೂ ಶಾಖ ಬೇಕು. ಎನ್‌ಟಿಪಿಸಿ ಮಧ್ಯಪ್ರದೇಶದ ವಿಂಧ್ಯಾಚಲದಲ್ಲಿ 2022ರಲ್ಲಿ ದಿನಕ್ಕೆ 20 ಟನ್ ಕಾರ್ಬನ್ ಡೈಆಕ್ಸೈಡ್ ಹಿಡಿಯುವ ಘಟಕ ಶುರುಮಾಡಿತು. ಕಾರ್ಬನ್ ಡೈಆಕ್ಸೈಡನ್ನು ಮೆಥನಾಲ್ ಮಾಡುವ ಸಂಶೋಧನೆ ಬೆಂಗಳೂರಿನ ಜವಾಹರಲಾಲ್ ನೆಹರು ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದಲ್ಲಿ ಸೆಬಾಸ್ಟಿಯನ್ ಪೀಟರ್ ಅವರ ತಂಡದಿಂದ ನಡೆದಿದೆ. ಅದು ಹೊಗೆಯ ಕಡೆಯಿಂದ ಹೊರಟ ದಾರಿ. ನಾವು ಕಸದ ಕಡೆಯಿಂದ ಹೊರಟಿದ್ದೇವೆ.

ಇಲ್ಲಿಗೆ ಅಂಕಿಗಳನ್ನು ಬದಿಗಿಟ್ಟು ಮೂರನೆಯ ವಿಷಯಕ್ಕೆ, ಅಂದರೆ ಬೀದಿಗೆ ಇಳಿಯೋಣ.

ರಾಯಚೂರಿನ ಮಾರುಕಟ್ಟೆಯಾದ ರಾಜೇಂದ್ರ ಗಂಜ್‌ನಲ್ಲಿ ನಿಂತು ನೋಡಿದರೆ ಪ್ಲಾಸ್ಟಿಕ್ಕಿನ ಜಾತಿಗಳು ತಾವಾಗಿ ಗೊತ್ತಾಗುತ್ತವೆ. ಹೆಣೆದ ಚೀಲ, ಅದರ ಬಾಯಿ ಹೊಲಿದ ದಾರ, ಮೇಲೆ ಹೊದಿಸಿದ ತಾಡಪಲ್ಲು, ನೀರಿನ ಬಾಟಲಿ, ಚಹಾದ ತೆಳು ಕವರು, ಗುಟ್ಕಾ ಚೀಟಿ. ಸರ್ಕಾರಿ ಖರೀದಿಯ ಧಾನ್ಯಕ್ಕೆ ಸೆಣಬಿನ ಚೀಲ ಕಡ್ಡಾಯ ಮಾಡುವ 1987ರ ಕಾಯ್ದೆಯಿಂದಾಗಿ ಗೋಣಿಚೀಲ ಉಳಿದುಕೊಂಡಿದೆ. ಅಂಗಡಿಯ ಅಕ್ಕಿ ಪೂರಾ ಪ್ಲಾಸ್ಟಿಕ್ ಚೀಲಕ್ಕೆ ಹೋಗಿದೆ. 2022ರ ಜುಲೈಯಲ್ಲಿ 25 ಕಿಲೋವರೆಗಿನ ಪ್ಯಾಕಿನ ಮೇಲೆ ಜಿಎಸ್‌ಟಿ ಬಿದ್ದ ಮೇಲೆ ಊರೆಲ್ಲ 26 ಕಿಲೋ ಚೀಲ ಬಂದದ್ದು ನಿಮಗೆಲ್ಲ ನೆನಪಿರಬೇಕು. ತೆರಿಗೆಯ ಒಂದು ಸಾಲು ದೇಶದ ಚೀಲದ ಅಳತೆಯನ್ನೇ ಬದಲಿಸಬಲ್ಲದು. ನಿಷೇಧದ ಆದೇಶಗಳಲ್ಲಿ ಆ ಶಕ್ತಿ ಕಂಡಿಲ್ಲ: ಕರ್ನಾಟಕದಲ್ಲಿ ಕ್ಯಾರಿಬ್ಯಾಗ್ ನಿಷೇಧವಾದದ್ದು 2016ರಲ್ಲಿ, ದೇಶದಲ್ಲಿ ಒಂದೇ ಸಲ ಬಳಸುವ ಹಲವು ವಸ್ತುಗಳು ನಿಷೇಧವಾದದ್ದು 2022ರ ಜುಲೈ 1ರಂದು.

ಚೀಲ, ತೆಳು ಕವರು ಎರಡೂ ಗ್ಯಾಸಿಗೆ ಒಳ್ಳೆಯವು. ಬಾಟಲಿಯ ಪೆಟ್ ನಡೆಯುತ್ತದೆ, ಅಷ್ಟು ಲಾಭವಿಲ್ಲ. ಒಳಗೆ ಅಲ್ಯೂಮಿನಿಯಂ ಪದರವಿರುವ ಚೀಟಿಗಳು ಬೂದಿ ಬಿಡುತ್ತವೆ. ಎಲ್ಲಕ್ಕಿಂತ ಕೆಟ್ಟದ್ದು ಪಿವಿಸಿ, ಅದರ ತೂಕದಲ್ಲಿ ಅರ್ಧಕ್ಕಿಂತ ಹೆಚ್ಚು ಕ್ಲೋರಿನ್. ನಮ್ಮಲ್ಲಿ ಪಿವಿಸಿ ಎಂದರೆ ಬರೀ ಪೈಪಲ್ಲ, ಸರ್ಕಲ್ಲಿನಲ್ಲಿ ಕಟ್ಟುವ ಫ್ಲೆಕ್ಸ್. ಹುಟ್ಟುಹಬ್ಬಕ್ಕೆ, ಜಾತ್ರೆಗೆ, ಚುನಾವಣೆಗೆ, ಶ್ರದ್ಧಾಂಜಲಿಗೆ ಒಂದೊಂದು. ಅದು ಕುಲುಮೆಗೆ ಹೋದರೆ ಹೈಡ್ರೋಕ್ಲೋರಿಕ್ ಆಮ್ಲದ ಹಬೆ ಎದ್ದು ಕೊಳವೆಯನ್ನು ತಿನ್ನುತ್ತದೆ, ನಿಕ್ಕಲ್ಲನ್ನು ಸಾಯಿಸುತ್ತದೆ. ಪಿವಿಸಿಯನ್ನು ಅರೆಬರೆ ಸುಟ್ಟರೆ ಡಯಾಕ್ಸಿನ್ನಿನಂಥ ವಿಷ ಹುಟ್ಟುತ್ತದೆ. ಕಸದ ರಾಶಿಗೆ ಬೆಂಕಿ ಇಡುವಾಗ ಆಗುವುದು ಇದೇ. ಕೃಷಿ ವಿಷದ ಖಾಲಿ ಡಬ್ಬಿಗಳು ಒಳ್ಳೆಯ ಪ್ಲಾಸ್ಟಿಕ್ಕೇ ಆದರೂ ಒಳಗೆ ಅಂಟಿಕೊಂಡ ವಿಷದಿಂದಾಗಿ ಅಪಾಯಕಾರಿ. ದೇವದುರ್ಗದ ಹತ್ತಿ, ಮೆಣಸಿನಕಾಯಿ ಹೊಲಗಳ ಬದುವಿನಲ್ಲಿ ಅವು ಎಷ್ಟು ಬಿದ್ದಿರುತ್ತವೆ ಎಂದು ಆ ಕಡೆಯವರಿಗೆ ನಾನು ಹೇಳಬೇಕಿಲ್ಲ.

ಇಲ್ಲೊಂದು ಪೇಚಿದೆ. ಕುಲುಮೆಗೆ ಬೇಕಾದ ಒಣಗಿದ, ಒಂದೇ ಜಾತಿಯ, ಮಣ್ಣಿಲ್ಲದ ಪ್ಲಾಸ್ಟಿಕ್ಕನ್ನು ಗುಜರಿಯವರು ಈಗಾಗಲೇ ದುಡ್ಡು ಕೊಟ್ಟು ಒಯ್ಯುತ್ತಿದ್ದಾರೆ. ಕೊಡ, ಬಕೆಟ್, ಬಾಟಲಿ, ಹಳೆಯ ಚೀಲ ಯಾವುದೂ ಬೀದಿಯಲ್ಲಿ ಬಹಳ ದಿನ ಉಳಿಯುವುದಿಲ್ಲ. ಉಳಿಯುವುದು ಬೆಲೆ ಇಲ್ಲದ್ದು: ಸಾಂಬಾರು ಕಟ್ಟಿಕೊಟ್ಟ ಕವರು, ಹರಿದ ಹಾಳೆ, ಚೀಟಿ. ಅದು ಎಣ್ಣೆ, ಅನ್ನ, ಮಣ್ಣು ಮೆತ್ತಿಕೊಂಡು, ಹಸಿ ಕಸದ ನೀರು ಕುಡಿದು ಬಂದಿರುತ್ತದೆ. ನಗರಾಡಳಿತ ಕೊಡಬಯಸುವುದು ಇದನ್ನು. ಕುಲುಮೆ ಬಯಸುವುದು ಗುಜರಿಯವರ ಮಾಲನ್ನು. ಈ ಎರಡರ ನಡುವಿನ ಅಂತರವನ್ನು ತುಂಬುವುದು ಕಸವನ್ನು ಬೇರ್ಪಡಿಸುವ ಕೈಗಳು. ಆ ಕೂಲಿಯನ್ನು ಯೋಜನೆಯ ಲೆಕ್ಕದಲ್ಲಿ ಯಾರೂ ಬರೆಯುವುದಿಲ್ಲ. ಗುಜರಿಯವರ ಮಾಲನ್ನೇ ಕಿತ್ತುಕೊಂಡು ಕುಲುಮೆಗೆ ಹಾಕಿದರೆ ಮತ್ತೆ ಬಕೆಟ್ ಆಗಬಹುದಾದದ್ದನ್ನು ಗ್ಯಾಸು ಮಾಡಿದ ತಪ್ಪು ಬೇರೆ.

ಬೇರ್ಪಡಿಸುವ ವಿದ್ಯೆ ಈ ಊರಿಗೆ ಹೊಸದಲ್ಲ. ಅರಳೆಯಲ್ಲಿ ಚೀಲದ ಒಂದು ಎಳೆ ಸೇರಿಕೊಂಡರೆ ಅದು ನೂಲಿನೊಳಗೆ ಹೋಗಿ, ಬಟ್ಟೆಗೆ ಬಣ್ಣ ಹಾಕಿದಾಗ ತಾನು ಬಣ್ಣ ಹಿಡಿಯದೆ ಬಿಳಿ ಗೆರೆಯಾಗಿ ನಿಲ್ಲುತ್ತದೆ. ಅದಕ್ಕೇ ಹತ್ತಿಯ ವ್ಯಾಪಾರದಲ್ಲಿ ಪ್ಲಾಸ್ಟಿಕ್ ಎಳೆ ಆರಿಸುವುದು ಒಂದು ಕಸುಬಾಗಿ ಬೆಳೆದಿದೆ, ಹೆಚ್ಚಾಗಿ ಹೆಣ್ಣುಮಕ್ಕಳದು. ಹತ್ತಿಯಲ್ಲಿ ಅದಕ್ಕೆ ಕೂಲಿ ಇದೆ, ಯಾಕೆಂದರೆ ಎಳೆ ಕಂಡರೆ ಕೊಳ್ಳುವವನು ದರ ಕಡಿಮೆ ಮಾಡುತ್ತಾನೆ. ಕಸದಲ್ಲಿ ಹಾಗೆ ದರ ಕಟ್ಟುವವರಿಲ್ಲ.

ಬೇರ್ಪಡಿಸಿದ ಕಸ ಸಿಕ್ಕರೆ ಏನು ಸಾಧ್ಯ ಎಂಬುದಕ್ಕೆ ಒಂದು ಉದಾಹರಣೆ ಇದೆ: ಜಪಾನಿನ ಕವಾಸಾಕಿಯಲ್ಲಿ ಶೋವಾ ಡೆಂಕೊ ಕಂಪನಿ 2003ರಿಂದ ಪ್ಲಾಸ್ಟಿಕ್ ಅನಿಲೀಕರಣ ನಡೆಸುತ್ತಾ ಬಂದಿದೆ. ಕಂಪನಿಯ ಈಗಿನ ಹೆಸರು ರೆಸೊನಾಕ್. ಅಲ್ಲಿ ಬಳಸುವುದು ಆಕ್ಸಿಜನ್ ಮತ್ತು ನೀರಾವಿ. ಬಂದ ಹೈಡ್ರೋಜನ್ನಿನಿಂದ ಅಮೋನಿಯಾ ಮಾಡುತ್ತಾರೆ. ಜೊತೆಗೆ ಬರುವ ಕಾರ್ಬನ್ ಡೈಆಕ್ಸೈಡನ್ನು ಡ್ರೈ ಐಸಿಗೆ, ಸೋಡಾ ಪಾನೀಯಕ್ಕೆ ಮಾರುತ್ತಾರೆ. ಸಾಮರ್ಥ್ಯ ದಿನಕ್ಕೆ 195 ಟನ್. ಮನೆಮನೆಯಲ್ಲೂ ಬೇರ್ಪಡಿಸಿಟ್ಟ ಪ್ಲಾಸ್ಟಿಕ್ ಗಟ್ಟಿಗಳಾಗಿ ಅಲ್ಲಿಗೆ ಬರುತ್ತದೆ. ನಮ್ಮ ನಗರದ ಎರಡು ಟನ್ನಿಗೂ ಅದಕ್ಕೂ ನೂರುಪಟ್ಟು ಅಂತರ. ಜಿಲ್ಲೆಯನ್ನೆಲ್ಲ ಕೂಡಿಸಿದರೂ ಆ ಅಳತೆ ಮುಟ್ಟುವುದಿಲ್ಲ.

ಸಿಮೆಂಟ್ ಕುಲುಮೆಗಳನ್ನೂ ಇಲ್ಲಿ ಹೆಸರಿಸಬೇಕು. ವಾಡಿ, ಮಳಖೇಡ, ಸೇಡಂ ನಮಗೆ ದೂರವಲ್ಲ. ಅಲ್ಲಿ ಸುಣ್ಣಕಲ್ಲು 1,400 ಡಿಗ್ರಿ ಮೀರಿ ಕಾಯುತ್ತದೆ. ಒಣಗಿಸಿ ಚೂರು ಮಾಡಿದ ಪ್ಲಾಸ್ಟಿಕ್ ಅಂಥ ಕುಲುಮೆಯಲ್ಲಿ ಕಲ್ಲಿದ್ದಲಿನ ಜಾಗ ತುಂಬಬಲ್ಲದು. ಇದರಲ್ಲಿ ಹೊಸ ವಿಜ್ಞಾನವೇನಿಲ್ಲ, ಆದರೆ ಕುಲುಮೆ ಈಗಾಗಲೇ ಉರಿಯುತ್ತಿದೆ. ನಮ್ಮ ಗ್ಯಾಸಿನ ಘಟಕ ಇದಕ್ಕಿಂತ ವಾಸಿ ಎಂದು ತೋರಿಸಲಾಗದಿದ್ದರೆ ಪ್ಲಾಸ್ಟಿಕ್ಕನ್ನು ಲಾರಿ ಹತ್ತಿಸಿ ಅಲ್ಲಿಗೆ ಕಳಿಸುವುದೇ ಮೇಲು ಎಂದು ನನ್ನ ಅಭಿಪ್ರಾಯ.

ವಾಸಿಯಾಗಬಹುದಾದ ಒಂದು ದಾರಿ ನನಗೆ ಕಾಣುತ್ತದೆ. ಅದೇ ನಾಲ್ಕನೆಯ ಮತ್ತು ಕೊನೆಯ ವಿಷಯ.

ತುಂಗಭದ್ರಾ ಎಡದಂಡೆ ನಾಲೆಯ ಮಾನ್ವಿ ಭತ್ತದ ಸೀಮೆ. ಭತ್ತದ ತೂಕದಲ್ಲಿ ಐದನೇ ಒಂದು ಪಾಲು ಹೊಟ್ಟು. ಕಿಲೋ ಹೊಟ್ಟಿನಲ್ಲಿ 13ರಿಂದ 14 ಮೆಗಾಜೌಲ್ ಶಾಖವಿದೆ. ಕುಲುಮೆ ಅರ್ಧ ಶಾಖ ಕಳೆದುಕೊಂಡರೂ ಎರಡು ಕಿಲೋ ಹೊಟ್ಟು ಒಂದು ಕಿಲೋ ಪ್ಲಾಸ್ಟಿಕ್ಕಿಗೆ ಬೇಕಾದ ಶಾಖ ಕೊಡುತ್ತದೆ. ರಾಯಚೂರಿನ ದಿನದ ಎರಡು ಟನ್ನಿಗೆ ನಾಲ್ಕು ಟನ್ ಹೊಟ್ಟು. ದಿನಕ್ಕೆ 20 ಟನ್ ಭತ್ತ ಅರೆಯುವ ಒಂದು ಗಿರಣಿಯಲ್ಲಿ ಅಷ್ಟು ಹೊಟ್ಟು ಬರುತ್ತದೆ. ಹೊಟ್ಟು ಉರಿದಾಗ ಹೊರಡುವ ಕಾರ್ಬನ್ ಡೈಆಕ್ಸೈಡ್ ಭತ್ತದ ಪೈರು ಅದೇ ವರ್ಷ ಗಾಳಿಯಿಂದ ಹೀರಿಕೊಂಡದ್ದು, ಕಲ್ಲಿದ್ದಲಿನ ಹಾಗೆ ಭೂಮಿಯೊಳಗಿಂದ ತೆಗೆದದ್ದಲ್ಲ. ಕ್ರಿಯೆಗೆ ಬೇಕಾದ ಕಾರ್ಬನ್ ಡೈಆಕ್ಸೈಡೂ ಬಹುಪಾಲು ಈ ಹೊಟ್ಟಿನ ಹೊಗೆಯಿಂದಲೇ ಸಿಗುತ್ತದೆ. ಶಕ್ತಿನಗರದಿಂದ ಕೊಳವೆ ಎಳೆಯಬೇಕಿಲ್ಲ. ಸಾರಜನಕ ಬೆರೆತು ಗ್ಯಾಸು ತೆಳುವಾಗುವುದು ನಿಜ, ಮೆಥನಾಲಿಗೆ ಅದು ಒದಗದು. ಗಿರಣಿಯ ಬಾಯ್ಲರಿಗೆ, ಭತ್ತ ಒಣಗಿಸುವ ಡ್ರೈಯರಿಗೆ ಸಾಕು. ಅಲ್ಲಿ ಸುಟ್ಟರೆ ಪ್ಲಾಸ್ಟಿಕ್ಕಿನ ಕಾರ್ಬನ್ ಗಾಳಿಗೆ ಹೋಗಿಯೇ ಹೋಗುತ್ತದೆ ಎಂಬುದನ್ನು ಮರೆಮಾಚುವುದಿಲ್ಲ.

ಹೊಟ್ಟಿಗೆ ಗಿರಾಕಿಗಳಿದ್ದಾರೆ, ಬೆಲೆಯೂ ಇದೆ ಎಂದು ಗಿರಣಿಯವರು ಹೇಳುತ್ತಾರೆ. ಅದಕ್ಕೆ ದೇವದುರ್ಗದ ಕಡೆ ನೋಡಬೇಕು. ಹತ್ತಿ ಬಿಡಿಸಿ ಮುಗಿದ ಮೇಲೆ ಹೆಕ್ಟೇರಿಗೆ ಎರಡು ಮೂರು ಟನ್ ಹತ್ತಿ ಕಟ್ಟಿಗೆ ನಿಲ್ಲುತ್ತದೆ. ಗುಲಾಬಿ ಕಾಯಿಕೊರಕದ ಹುಳು ಅದರಲ್ಲಿ ಉಳಿದು ಮುಂದಿನ ಬೆಳೆಗೆ ಬರುತ್ತದೆ, ಬೇಗ ಕಿತ್ತು ತೆಗೆಯಿರಿ ಎನ್ನುವುದು ಕೃಷಿ ತಜ್ಞರ ಸಲಹೆ. ಕಿತ್ತದ್ದು ಸಾಮಾನ್ಯವಾಗಿ ಹೊಲದಲ್ಲೇ ಬೆಂಕಿಗೆ ಹೋಗುತ್ತದೆ. ಚಕ್ಕೆ ಮಾಡಿದರೆ ಅದು ಹೊಟ್ಟಿಗಿಂತ ಒಳ್ಳೆಯ ಸೌದೆ. ಹೊಟ್ಟಿನಲ್ಲಿರುವ ಸಿಲಿಕಾ ಬೂದಿಯ ಕಾಟವೂ ಅದರಲ್ಲಿ ಕಡಿಮೆ. ಸಾಗಣೆಯ ಖರ್ಚೇ ಅಡ್ಡಿ. ಹಗುರ ಸರಕು, ಟ್ರ್ಯಾಕ್ಟರಿನ ಟ್ರೇಲರ್ ತುಂಬಿದರೂ ತೂಕ ಬರುವುದಿಲ್ಲ. ಚಕ್ಕೆ ಮಾಡುವ ಯಂತ್ರ ಹೊಲದ ಹತ್ತಿರವೇ ಇರಬೇಕು.

ರಾಯಚೂರಿನಲ್ಲಿ ಕೃಷಿ ವಿಶ್ವವಿದ್ಯಾಲಯವಿದೆ, ಅದರೊಳಗೆ ಕೃಷಿ ತಾಂತ್ರಿಕ ಕಾಲೇಜಿದೆ. ದಿನಕ್ಕೆ 50 ಕಿಲೋ ಪ್ಲಾಸ್ಟಿಕ್ ನಡೆಸುವ ಪ್ರಾಯೋಗಿಕ ಘಟಕ ಇಂಥಲ್ಲಿ ಶುರುವಾಗಬೇಕು, ಟೆಂಡರಿನಲ್ಲಲ್ಲ. ಪೂರ್ತಿ ಊರಿನ ಮಿಶ್ರ ಕಸವನ್ನು ಹಾಗೇ ಕೊಡಿ, ಗ್ಯಾಸು ಮಾಡಿಕೊಡುತ್ತೇವೆ ಎನ್ನುವವರನ್ನು ಬಾಗಿಲಲ್ಲೇ ನಿಲ್ಲಿಸಿ ಫ್ಲೆಕ್ಸ್ ಏನು ಮಾಡುತ್ತೀರಿ ಎಂದು ಕೇಳಬೇಕು. ಘಟಕವನ್ನು ಊರೊಳಗೆ ಇಡಬಾರದು, ಮುಚ್ಚಿದ ಕೋಣೆಯಲ್ಲಂತೂ ಕೂಡದು. ಕಾರ್ಬನ್ ಮಾನಾಕ್ಸೈಡಿಗೆ ವಾಸನೆ ಇಲ್ಲ, ಬಣ್ಣ ಇಲ್ಲ. ಆಳು ಕುಸಿದ ಮೇಲಷ್ಟೇ ಸೋರಿದ್ದು ಗೊತ್ತಾಗುತ್ತದೆ. ಎಚ್ಚರಿಕೆಯ ಮಾಪಕ ಕೆಲಸಗಾರನ ಅಂಗಿಗೇ ಸಿಕ್ಕಿಸಿರಬೇಕು. ಗ್ಯಾಸನ್ನು ತೊಳೆದ ನೀರಿನಲ್ಲಿ ಡಾಂಬರಿನಂಥ ಜಿಡ್ಡು ಸೇರಿರುತ್ತದೆ. ಅದನ್ನು ಹಳ್ಳಕ್ಕೆ ಬಿಟ್ಟರೆ ಕೃಷ್ಣೆಗೋ ತುಂಗಭದ್ರೆಗೋ ಹೋಗಿ ಸೇರುತ್ತದೆ. ಎರಡು ನದಿಗಳ ನಡುವಿನ ಜಿಲ್ಲೆಗೆ ಬೇರೆ ದಾರಿಯಿಲ್ಲ.

ಘಟಕಕ್ಕೂ ಮೊದಲು ಆಗಬೇಕಾದ ಒಂದು ಕೆಲಸವಿದೆ, ಅದಕ್ಕೆ ಹಣವೂ ಬೇಕಿಲ್ಲ. ನಾನು ಬಳಸಿದ ತಲೆಗೆ ಮೂರು ಕಿಲೋ ದೇಶದ ಸರಾಸರಿ. ರಾಯಚೂರಿನ ಒಂದು ವಾರ್ಡು, ದೇವದುರ್ಗ ಪಟ್ಟಣ, ಮಾನ್ವಿ ಪಟ್ಟಣ ಈ ಮೂರು ಕಡೆ ಒಣ ಕಸವನ್ನು ಜಾತಿವಾರು ತೂಗಬೇಕು: ತೆಳು ಕವರು ಎಷ್ಟು, ಚೀಟಿ ಎಷ್ಟು, ಫ್ಲೆಕ್ಸ್ ಎಷ್ಟು, ಒಣಗಿಸುವ ಮೊದಲು ಎಷ್ಟು, ಆಮೇಲೆ ಎಷ್ಟು. ಮಳೆಗಾಲದಲ್ಲಿ ಒಮ್ಮೆ, ಮದುವೆಗಳ ಸುಗ್ಗಿಯಲ್ಲಿ ಒಮ್ಮೆ, ಗಂಜ್‌ಗೆ ಹತ್ತಿ ಬರುವ ತಿಂಗಳುಗಳಲ್ಲಿ ಇನ್ನೊಮ್ಮೆ. ಪೌರಕಾರ್ಮಿಕರನ್ನೂ ಗುಜರಿಯವರನ್ನೂ ಕೂರಿಸಿಕೊಂಡು ಮಾಡಿದರೆ ಕೆಲಸ ಅರ್ಧದಷ್ಟು ಹಗುರ. ಯಾವುದಕ್ಕೆ ಬೆಲೆ ಇದೆ, ಯಾವುದಕ್ಕಿಲ್ಲ ಎಂಬುದು ಅವರಿಗೆ ಕೈಮೇಲೆ ಗೊತ್ತು. ಇಲ್ಲಿರುವ ರಸಾಯನಶಾಸ್ತ್ರ ವಿಭಾಗದ ವಿದ್ಯಾರ್ಥಿಗಳು ಇದನ್ನು ಈ ವರ್ಷದ ಪ್ರಾಜೆಕ್ಟಾಗಿ ತೆಗೆದುಕೊಳ್ಳುವುದಾದರೆ ನಮೂನೆ ಪಟ್ಟಿ ಮಾಡಿಕೊಡಲು ನಾನು ಸಿದ್ಧ. ಸಭೆ ಮುಗಿದ ಮೇಲೆ ಬಂದು ಕಾಣಿರಿ.